ಪುರಸಭೆಯ ಗೋಡೆಯೊಳಗಿನ ಐದು ಅಡಿ

ಒಳಗಿನ ಅಳತೆಗೂ ಹೊರಗಿನ ಅಳತೆಗೂ ಐದು ಅಡಿ ವ್ಯತ್ಯಾಸ ಬಂದಾಗ ನಾನು ಮೊದಲು ಬೈದುಕೊಂಡದ್ದು ನನ್ನನ್ನೇ. ಟೇಪು ಜೋತುಬಿದ್ದಿರಬೇಕು, ಇಲ್ಲವೇ ನಾನೇ ತಪ್ಪು ಬರೆದುಕೊಂಡಿರಬೇಕು ಎಂದು ಮತ್ತೆ ಅಳೆದೆ. ಮತ್ತೆ ಅಷ್ಟೇ ಬಂತು.

ಆಗ ನಾನು ಪುರಸಭೆಯಲ್ಲಿ ಗುತ್ತಿಗೆ ಮೇಲೆ ಕೆಲಸಕ್ಕಿದ್ದ ಕಿರಿಯ ಎಂಜಿನಿಯರ್. ದಿನಾ ಸಾಸ್ವೆಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಬಸ್ ಸ್ಟ್ಯಾಂಡಿನಿಂದ ಮನೆಗೆ ವಾಪಸು ಓಡುವ ಜಾತಿ ನನ್ನದು. ಅಂಥವಳಿಗೆ ನಮ್ಮ ಎಂಜಿನಿಯರ್ ಸಾಹೇಬರು ಹಳೇ ಕಟ್ಟಡದ ಕೆಲಸ ಕೊಟ್ಟರು.

"ನಕಾಶೆ ತೆಗಿಯಮ್ಮ. ಜೊತೆಗೆ ಶಿಥಿಲ ಆಗೈತೆ ಅಂತ ಎರಡು ಹಾಳೆ ವರದಿ ಬರಿ. ಕೆಡವೋ ವಿಷಯ ಸೋಮವಾರ ಸಭೆ ಮುಂದೆ ಇಡಬೇಕು."

ಶಿಥಿಲ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಮಳೆ ಬಂದರೆ ಸಭಾಂಗಣದ ಮೇಜಿನ ಮೇಲೆ ಮೂರು ಬಕೆಟ್ ಇಡುತ್ತಿದ್ದರು. ಕಟ್ಟಡ ಮೊದಲು ಅಮಲ್ದಾರರ ಕಚೇರಿಯಾಗಿತ್ತಂತೆ, ಆಮೇಲೆ ಪುರಸಭೆಗೆ ಬಂತಂತೆ. ಮುಂದೆ ಆಳೆತ್ತರದ ಕಲ್ಲಿನ ಜಗಲಿ, ಅದರ ಮೇಲೆ ಇಟ್ಟಿಗೆಯ ದುಂಡು ಕಂಬಗಳು, ಏಳು ಕಮಾನು. ಒಳಗೆ ಸಾಗುವಾನಿ ತೊಲೆಗಳ ಮೇಲೆ ಇಟ್ಟಿಗೆ ನಿಲ್ಲಿಸಿ ಗಾರೆ ಹಾಕಿದ ತಾರಸಿ. ಎರಡಡಿ ದಪ್ಪದ ಗೋಡೆಗಳು. ಸಭಾಂಗಣಕ್ಕೂ ದಾಖಲೆ ಕೋಣೆಗೂ ನಡುವೆ ಮಾತ್ರ ಲೆಕ್ಕ ತಪ್ಪುತ್ತಿತ್ತು.

ಮರುದಿನ ಬೆಳಿಗ್ಗೆ ಎಂಟಕ್ಕೇ ಬಂದು ಮೂರನೇ ಸಲ ಟೇಪು ಹಿಡಿದೆ. ಜಗಲಿ ಮೇಲೆ ಮನೆಯ ಖಾತೆ ನಕಲಿಗೆಂದು ಬಂದು ಕೂತಿದ್ದ ಬಿಳಿ ಗಡ್ಡದ ಮುದುಕರೊಬ್ಬರು ಬಾಗಿಲ ಬಳಿ ಬಂದು ನಿಂತರು.

"ಎಷ್ಟು ಸಲ ಅಳೆದ್ರೂ ಅಷ್ಟೇ ಬರೋದು ತಾಯಿ. ಅಲ್ಲಿ ಮೆಟ್ಟಿಲು ಐತೆ."

"ಎಲ್ಲಿ?"

"ಗೋಡೆ ಒಳಗೆ. ನಾನೇ ಮುಚ್ಚಿದ್ದು."

ಅವರು ಸೂಳೆಕೆರೆ ಕಡೆಯಿಂದ ಬಂದು ಈ ಊರಲ್ಲೇ ನೆಲೆಯಾದ ಗಾರೆ ಮೇಸ್ತ್ರಿ. ದಾಖಲೆ ಕೋಣೆಯ ಕಪಾಟಿನ ಹಿಂದೆ ಕೈಯಾಡಿಸಿ, ಸುಣ್ಣದ ಅಡಿಯಲ್ಲಿ ಕಮಾನಿನ ಗೆರೆ ತೋರಿಸಿದರು. ಅವರಿಗೆ ಇಪ್ಪತ್ತು ತುಂಬಿದ್ದಾಗ, ಬಾವುಟ ಹಾರಿಸಲು ಮೇಲೆ ಹತ್ತಿದ ಜವಾನನೊಬ್ಬ ಆ ಕಡಿದಾದ ಮೆಟ್ಟಿಲ ಮೇಲೆ ಜಾರಿ ಸೊಂಟ ಮುರಿದುಕೊಂಡನಂತೆ. ಮತ್ತೆಂದೂ ನೆಟ್ಟಗೆ ನಡೆಯಲಿಲ್ಲವಂತೆ.

"ಹಿಡಿಕೊಳ್ಳಾಕೆ ಒಂದು ಕಂಬಿ ಹಾಕ್ಸಿದ್ರೆ ಸಾಕಿತ್ತು. ಗೋಡೆ ಕಟ್ಟು ಅಂದ್ರು, ಕಟ್ಟಿದೆ. ಸಣ್ಣೋನು, ಎದುರು ಮಾತಾಡಾಕೆ ಧೈರ್ಯ ಇರ್ಲಿಲ್ಲ. ಆದ್ರೆ ಸಿಮೆಂಟು ಹಾಕ್ಲಿಲ್ಲ. ಬರೀ ಕೆಸರುಮಣ್ಣಲ್ಲಿ ಕಟ್ಟಿ, ಮೇಲೆ ಸುಣ್ಣ ಬಳಿದೆ."

"ಯಾಕೆ?"

"ಎಂದಾದ್ರೂ ಯಾರಾದ್ರೂ ಮೇಲೆ ಹೋಗ್ಲೇಬೇಕಲ್ಲ."

ಸಾಹೇಬರಿಗೆ ಹೇಳಿದೆ. ಅವರು ಫೈಲಿನಿಂದ ತಲೆ ಎತ್ತಲಿಲ್ಲ. "ಬೀಳೋ ಕಟ್ಟಡಕ್ಕೆ ಮೆಟ್ಟಿಲು ತಗೊಂಡು ಏನ್ ಮಾಡ್ತೀಯ?"

"ಮೇಲೆ ಹೋಗಿ ನೋಡದೆ ಶಿಥಿಲ ಅಂತ ಹೆಂಗೆ ಬರೀಲಿ ಸಾರ್?"

ಫೈಲು ಮುಚ್ಚಿದರು. "ಶನಿವಾರ ಮಧ್ಯಾಹ್ನ ನೋಡು. ಏನಾದ್ರೂ ತಲೆ ಮೇಲೆ ಬಿದ್ರೆ ನಾನು ಹೇಳಿಲ್ಲ."

ಶನಿವಾರದ ತನಕ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಗೋಡೆ ಒಡೆದಾಗ ಕಮಾನೇ ಕುಸಿದರೆ? ಮುದುಕರಿಗೆ ಏನಾದರೂ ಆದರೆ? ಮೇಲೆ ನೋಡಿಯೂ ಕಟ್ಟಡ ಬೀಳುವಂಥದ್ದೇ ಎಂದಾದರೆ, ಇಷ್ಟು ಹಾರಾಡಿದ್ದಕ್ಕೆ ಕಚೇರಿಯೆಲ್ಲ ನಗುವುದಿಲ್ಲವೇ?

ಮೇಸ್ತ್ರಿ ಚಾಣ ಇಟ್ಟು ತಟ್ಟಿದರು. ಇಟ್ಟಿಗೆಗಳು ಒಂದೂ ಮುರಿಯದೆ ಕೈಗೆ ಬಂದವು. ಒಳಗಿನಿಂದ ಬಾವಲಿ ನಾತ ಹೊಡೆಯಿತು. ಮೂರಡಿ ಅಗಲದ ಕಲ್ಲಿನ ಮೆಟ್ಟಿಲು, ಗೋಡೆಯಲ್ಲಿ ಅಂಗೈಯಗಲದ ಬೆಳಕಿಂಡಿಗಳು. "ನೀವು ಕೆಳಗಿರ್ರಿ ಮೇಸ್ತ್ರಿ" ಅಂದೆ. ಅವರು ಕೇಳಲಿಲ್ಲ. ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿದರು. ಅವರ ಬೆನ್ನ ಹಿಂದೆ ಎರಡು ಕೈ ಚಾಚಿಕೊಂಡು ನಾನು.

ಮೇಲಿನ ಬಾಗಿಲು ದೂಡಿದರೆ ತಾರಸಿಯ ಅರ್ಧಭಾಗ ಕೆರೆಯಾಗಿ ನಿಂತಿತ್ತು. ನೀರು ಹೊರಹೋಗುವ ಕಲ್ಲಿನ ದೋಣಿಗೆ ಅರಳಿ ಗಿಡದ ಬೇರು ನುಗ್ಗಿ ಬಿರಡೆಯಂತೆ ಕೂತಿತ್ತು. ಮೇಸ್ತ್ರಿ ಲುಂಗಿ ಮೇಲೆ ಕಟ್ಟಿ ನೀರಿಗಿಳಿದು ಕುಡುಗೋಲಿನಿಂದ ಬೇರು ಕತ್ತರಿಸಿದರು. ನಾನೂ ಎಳೆದೆ. ಒಮ್ಮೆಲೇ ದೋಣಿ ಬಿಟ್ಟುಕೊಂಡು, ಕಪ್ಪು ನೀರು ಕೆಳಗಿನ ಅಂಗಳಕ್ಕೆ ಸುರಿಯತೊಡಗಿತು. ಕತ್ತಲಾಗುವ ತನಕ ಸುರಿಯಿತು.

"ನಾನು ಮುಚ್ಚಿದ್ದಕ್ಕೇ ಇಷ್ಟೆಲ್ಲ ಆಗಿದ್ದು" ಎಂದರು, ತಾರಸಿ ಅಂಚಿನ ಮೋಟುಗೋಡೆಯ ಮೇಲೆ ಕೂತು. ನಾನು ನೀರಿನ ಬಾಟಲಿ ಕೊಟ್ಟೆ.

ಭಾನುವಾರ ಇಡೀ ದಿನ ತೊಲೆಗಳನ್ನು ಸುತ್ತಿಗೆಯಿಂದ ತಟ್ಟುತ್ತಾ ಓಡಾಡಿದೆ. ಎರಡರ ತುದಿ ಮಾತ್ರ ಗೋಡೆಯೊಳಗೆ ಕೊಳೆತಿತ್ತು. ಉಳಿದವು ಖಣಖಣ ಎಂದವು. ಕಂಡದ್ದನ್ನೇ ಬರೆದೆ: ಎರಡು ತೊಲೆ ಬದಲಿಸಬೇಕು, ತಾರಸಿಗೆ ಹೊಸ ಗಾರೆ ಹಾಕಬೇಕು, ಮಿಕ್ಕದ್ದು ಗಟ್ಟಿ. ಸಾಹೇಬರು ಓದಿ, ಕನ್ನಡಕ ತೆಗೆದಿಟ್ಟರು. "ಬರಿ ಅಂದಿದ್ದೇನು, ನೀನು ಬರೆದಿದ್ದೇನು." ಆದರೂ ಕೆಳಗೆ ಸಹಿ ಮಾಡಿದರು. ಯಾಕೆ ಮಾಡಿದರೋ ನನಗೆ ಇವತ್ತಿಗೂ ಗೊತ್ತಿಲ್ಲ.

ಸಭೆಯಲ್ಲಿ ಸದಸ್ಯರು ಸಂಜೆವರೆಗೆ ಕಿತ್ತಾಡಿದರು. ಕೊನೆಗೆ ಹಳೇ ಕಟ್ಟಡ ಉಳಿಯಿತು, ಅದರ ಹಿಂದಿನ ತಗಡಿನ ಶೆಡ್ಡುಗಳನ್ನು ಮಾತ್ರ ಕೆಡವಿದರು. ಹೊಸ ಕಚೇರಿ ಊರ ಹೊರಗೆ ಎದ್ದಿತು. ಹಳೆಯದರಲ್ಲಿ ಈಗ ಜನನ ಮರಣ ಪತ್ರ ಕೊಡುತ್ತಾರೆ. ಗಾರೆ ಹಾಕುವಾಗ ಮೇಸ್ತ್ರಿ ತಾರಸಿ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತು, ಸುಣ್ಣ ಹದಕ್ಕೆ ಬರುವ ತನಕ ಯಾರನ್ನೂ ಮುಟ್ಟಗೊಡಲಿಲ್ಲ. ಮೆಟ್ಟಿಲಿಗೆ ಕಬ್ಬಿಣದ ಕಂಬಿಯನ್ನೂ ಹಾಕಿಸಿದರು.

ಮುಂದಿನ ಮಳೆಗೆ ಸಭಾಂಗಣ ಸೋರಲಿಲ್ಲ. ಆದರೆ ಬಡಗಣ ಮೂಲೆಯಲ್ಲಿ ಗೋಡೆ ಕೂದಲೆಳೆಯಷ್ಟು ಬಿರುಕು ಬಿಟ್ಟಿತು. ವರದಿಯಲ್ಲಿ ಆ ಮೂಲೆಯನ್ನೂ ಗಟ್ಟಿ ಎಂದೇ ಬರೆದಿದ್ದವಳು ನಾನು. ಬಿರುಕಿಗೆ ಅಡ್ಡಲಾಗಿ ಒಂದು ಗಾಜಿನ ಪಟ್ಟಿ ಅಂಟಿಸಿದೆ. ಗೋಡೆ ಅಲುಗಿದರೆ ಗಾಜು ಒಡೆಯುತ್ತದೆ.

ಈಗ ನನ್ನ ಕೆಲಸ ಜಗಳೂರಿನಲ್ಲಿ. ಊರಿಗೆ ಹೋಗುವಾಗಲೆಲ್ಲ ದಾರಿಯಲ್ಲಿ ಅಲ್ಲಿ ಇಳಿದು, ಗಾಜು ನೋಡಿಯೇ ಮುಂದಿನ ಬಸ್ಸು ಹತ್ತುವುದು. ಹೋದ ತಿಂಗಳು ನೋಡಿದರೆ ಒಡೆದಿತ್ತು. ಪಕ್ಕದಲ್ಲೇ ಹೊಸ ಟ್ಯೂಬ್‌ಲೈಟ್ ಹಾಕಿದ್ದರು, ಏಣಿ ತಗುಲಿರಬಹುದು ಎಂದರು ಅಲ್ಲಿನ ಗುಮಾಸ್ತೆ. ಇರಬಹುದು. ಬಿರುಕಿನ ಮೇಲೆ ಬೆರಳಾಡಿಸಿದೆ, ಅಗಲವಾದಂತೆ ಕಾಣಲಿಲ್ಲ, ಆಗಿಲ್ಲ ಎನ್ನಲೂ ಬಾಯಿ ಬರಲಿಲ್ಲ. ಪೇಟೆಗೆ ಹೋಗಿ ಹೊಸ ಗಾಜು ಕೊಯ್ಯಿಸಿ ತಂದು ಅಂಟಿಸಿದೆ. ಅಷ್ಟರಲ್ಲಿ ಎರಡು ಬಸ್ಸು ಹೋಗಿದ್ದವು.