ಅಕ್ಕ ಮಡಿಸಿದ ಪೊಟ್ಟಣಗಳು

ಮೈದಾ ಹಿಟ್ಟಿನ ಅಂಟು ಕುದಿಯುವಾಗಿನ ವಾಸನೆ ಅಂಥ ಒಳ್ಳೆಯದೇನಲ್ಲ. ಹುಳ ಬೀಳದಿರಲಿ ಎಂದು ಮೈಲುತುತ್ತ ಸೇರಿಸಿದರೆ ಇನ್ನೂ ಕೆಟ್ಟದು, ಗಂಟಲಿಗೆ ಹಿಡಿಯುತ್ತದೆ. ಹೋದ ವರ್ಷ ನಮ್ಮ ಬೀದಿಯ ಪ್ರಸಾದ ನನ್ನ ಮುಂದೆ ಒಂದು ಹಳೆಯ ರಟ್ಟಿನ ಡಬ್ಬದ ಮುಚ್ಚಳ ತೆಗೆದಾಗ ಅದೇ ವಾಸನೆ ಮುಗ್ಗಲು ಸಕ್ಕರೆಯ ಜೊತೆ ಬೆರೆತು ಮೂಗಿಗೆ ಬಂತು. ನಿಮ್ಮ ಮನೆಯಲ್ಲೂ ಇಂಥದೊಂದು ವಾಸನೆ ಇದ್ದಿರಬೇಕು. ಮನೆ ಹೋದರೂ ಅದು ಎಲ್ಲೋ ಕೂತಿರುತ್ತದೆ.

ಹಿಂದೂಪುರದ ನಮ್ಮ ಮನೆ ನೇಕಾರರದು. ಒಂದೇ ಕೋಣೆ, ನಡುವೆ ಮಗ್ಗದ ಗುಂಡಿ. ಅದರಲ್ಲಿ ಕಾಲು ಇಳಿಬಿಟ್ಟು ಅಪ್ಪ ನೇಯುತ್ತಿದ್ದ. ಗೋಡೆಯ ಪಕ್ಕದಲ್ಲಿ ಅವ್ವ, ರತ್ನಕ್ಕ, ನಾನು ಕೂತು ಪೊಟ್ಟಣ ಕಟ್ಟುತ್ತಿದ್ದೆವು. ಊರಿನದೇ ಒಂದು ಸಣ್ಣ ಮಿಠಾಯಿ ಕಾರ್ಖಾನೆ, ಅಗಿಯುವ ಮಿಠಾಯಿಯ ಜೊತೆಗೆ ಕ್ರಿಕೆಟ್ ಆಡುವವರ ಚಿತ್ರದ ಚೀಟಿ ಇಟ್ಟು ಮಾರುತ್ತಿತ್ತು. ಚೀಟಿಯ ಮೇಲೆ ಮಿಠಾಯಿ ಇಡಬೇಕು, ಬಣ್ಣದ ಕಾಗದ ಸುತ್ತಬೇಕು, ಬೆನ್ನಿಗೆ ಅಂಟು ಸವರಿ ಒತ್ತಬೇಕು. ನನ್ನನ್ನು ಮೂರನೇ ಕ್ಲಾಸಿಗೇ ಬಿಡಿಸಿದ್ದು ಈ ಕೆಲಸಕ್ಕೆ. ಆಟಗಾರರ ಹೆಸರು ಓದಲು ಬರುತ್ತಿರಲಿಲ್ಲ, ಮೀಸೆಯವನು, ಗುಂಗುರು ಕೂದಲಿನವನು ಎಂದು ಗುರುತು ಇಟ್ಟುಕೊಂಡಿದ್ದೆ. ಒದ್ದೆ ಪೊಟ್ಟಣಗಳನ್ನು ಮಗ್ಗದ ಹತ್ತಿರ ಒಣಹಾಕಿದರೆ ಅಪ್ಪ ಗದರುತ್ತಿದ್ದ, "ಅಂಟು ನೂಲಿಗೆ ತಾಕ್ಲಿ, ಆಮೇಲೈತೆ ನಿಮ್ಗೆ." ಅವ್ವ, ನಾನು ಕಾಗದದ ಬಲ ಅಂಚನ್ನು ಎಡ ಅಂಚಿನ ಮೇಲೆ ತಂದು ಅಂಟಿಸುತ್ತಿದ್ದೆವು. ರತ್ನಕ್ಕನದು ತಿರುಗಾಮುರುಗಾ, ಎಡ ಅಂಚು ಮೇಲೆ. ಅವಳು ಎಡಚಿ. ನಾನು ಒಂದು ಮುಗಿಸುವಷ್ಟರಲ್ಲಿ ಅವಳು ಎರಡು ಮುಗಿಸಿ, "ಏನೇ ಮುದುಕಿ, ಕೈಗೆ ನಿದ್ದೆ ಬಂತಾ?" ಎಂದು ನಗುತ್ತಿದ್ದಳು. ನನಗಾಗ ಹತ್ತು ವರ್ಷ, ಅವಳಿಗೆ ಹದಿನೇಳು.

ಕಲ್ಯಾಣದುರ್ಗದಿಂದ ಸಂಬಂಧ ಕೇಳಿ ಬಂದಾಗ ಅವ್ವನಿಗೆ ಆ ಕೈಯದೇ ಹೆದರಿಕೆ. "ಎಡಗೈಲಿ ಬಡಿಸಿದ್ರೆ ಯಾರ್ ಉಣ್ತಾರೆ ಕಣೇ? ಮೂರೇ ದಿನಕ್ಕೆ ವಾಪಸ್ ಕಳಿಸ್ತಾರೆ" ಎನ್ನುತ್ತಿದ್ದಳು. ಹಳೆಯ ಟವೆಲ್ ಹರಿದು ಅಕ್ಕನ ಎಡಗೈಯನ್ನು ಸೊಂಟಕ್ಕೆ ಕಟ್ಟಿ ಬಲಗೈಯಲ್ಲೇ ಕೆಲಸ ಮಾಡಿಸಿದಳು. ಒಂದು ದಿನ ಎರಡು ದಿನವಲ್ಲ, ನಾಲ್ಕು ತಿಂಗಳು. ಅಕ್ಕನ ಪೊಟ್ಟಣಗಳು ಸೊಟ್ಟಗಾದವು, ಅರ್ಧಕ್ಕರ್ಧ ಕಡಿಮೆಯಾದವು, ಅವಳ ನಗೆಯೂ ಕಡಿಮೆಯಾಯಿತು. ಹುಡುಗಿ ನೋಡಲು ಬಂದ ದಿನ ಬಲಗೈಯಲ್ಲಿ ಬಡಿಸಲು ಹೋಗಿ ಹುಡುಗನ ಅಪ್ಪನ ಪಂಚೆಯ ಮೇಲೆ ಸಾರು ಚೆಲ್ಲಿದಳು. ಆ ಮನುಷ್ಯ "ಪರವಾಲೇದಮ್ಮಾ, ಪಂಚೆಗೂ ಹಸಿವಾಗಿತ್ತು" ಎಂದು ನಕ್ಕುಬಿಟ್ಟ. ಮದುವೆಯಾಯಿತು. ಕೈಯ ವಿಷಯ ಅವ್ವ ಹೇಳಲೇ ಇಲ್ಲ.

ಕಲ್ಯಾಣದುರ್ಗದಲ್ಲೂ ಅಕ್ಕ ಇದೇ ಕೆಲಸ ಮಾಡುತ್ತಿದ್ದಳು. ಕಾರ್ಖಾನೆಯಿಂದ ಸಾಮಾನಿನ ಮೂಟೆ ಬಸ್ಸಿನ ಮೇಲೆ ಹೋಗುತ್ತಿತ್ತು, ಕಟ್ಟಿದ್ದು ಅಲ್ಲಿನ ಅಂಗಡಿಗಳಿಗೇ ಸೇರುತ್ತಿತ್ತು. ತವರಿಗೆ ಬಂದದ್ದು ಎರಡು ಸಲ. ಎರಡು ಸಲವೂ ಅವ್ವನ ಮುಂದೆ ಬಲಗೈಯಲ್ಲೇ ಉಂಡಳು, ಬಲಗೈಯಲ್ಲೇ ಬಡಿಸಿದಳು, ಮಾತು ಕಡಿಮೆ ಆಡಿದಳು. ನಾಲ್ಕನೇ ವರ್ಷ ಕಾಮಾಲೆಯಾಗಿ ಸತ್ತಳು. ಮಕ್ಕಳಿರಲಿಲ್ಲ, ಒಂದು ಫೋಟೋ ಕೂಡ ಇಲ್ಲ. ಭಾವ ಇನ್ನೊಂದು ಮದುವೆಯಾಗಿ ಬಳ್ಳಾರಿ ಕಡೆ ಹೋದರು. ಅಪ್ಪ ಹೋದ, ಮಗ್ಗದ ಗುಂಡಿಗೆ ಮಣ್ಣು ತುಂಬಿದೆವು, ಮನೆಯನ್ನೂ ಮಾರಿದೆವು. ಅವ್ವ ಮಾತ್ರ ಸಾಯುವವರೆಗೆ ಒಂದನ್ನೇ ಕೇಳುತ್ತಿದ್ದಳು. "ಅಲ್ಲಿ ಅವ್ಳ ಕೈ ಬುಟ್ಟಿದ್ರೇನೇ? ಇಲ್ಲಾ ನನ್ನಂಗೇ ಕಟ್ಟಾಕಿದ್ರಾ?" ಸುಳ್ಳು ಹೇಳುವುದು ನನಗೆ ಬರದು. "ನಂಗೇನ್ ಗೊತ್ತವ್ವ" ಎಂದೆ. ಕೊನೆಯ ದಿನವೂ ಅಷ್ಟೇ ಹೇಳಿದೆ.

ಪ್ರಸಾದ ನಮ್ಮ ಬೀದಿಯಲ್ಲಿ ಫೋನ್ ರಿಪೇರಿ ಮಾಡುವವನು, ಐವತ್ತು ದಾಟಿದವನು. ಆಟಗಾರರ ಚೀಟಿ ಕೂಡಿಸುವ ಹುಚ್ಚು ಅವನಿಗೆ ಚಿಕ್ಕಂದಿನಿಂದ. ಕಲ್ಯಾಣದುರ್ಗದಲ್ಲಿ ಮುಚ್ಚಿಹೋದ ಒಂದು ಅಂಗಡಿಯ ಅಟ್ಟದ ಮೇಲೆ ಅವನಿಗೆ ಈ ಡಬ್ಬ ಸಿಕ್ಕಿತ್ತು. ಒಳಗೆ ಮೂವತ್ತಾರು ಪೊಟ್ಟಣ, ಒಂದೂ ಒಡೆದಿಲ್ಲ. "ಚೀಟಿ ಎಲ್ಲಾರತ್ರನೂ ಅವೆ ಕಣಮ್ಮ. ಪೊಟ್ಟಣ ಮಾತ್ರ ಹರಿದು ಬಿಸಾಕಿದ್ರು, ಅದಕ್ಕೇ ಈಗ ಅದ್ರದೇ ಬೆಲೆ" ಎಂದ. ಆದರೆ ಕೊಳ್ಳುವವನು ಬೆನ್ನಿನ ಮಡಿಕೆ ನೋಡಿ, ಎಲ್ಲ ಕಡೆಯದಕ್ಕಿಂತ ಉಲ್ಟಾ ಇದೆ, ಯಾರೋ ಬಿಚ್ಚಿ ಮತ್ತೆ ಅಂಟಿಸಿದ್ದಾರೆ ಎಂದು ವಾಪಸ್ ಕೊಟ್ಟಿದ್ದ. "ನೀವು ಕಟ್ತಿದ್ರಂತಲ್ಲ, ವಸಿ ನೋಡಿ ಹೇಳಿ."

ನೋಡಿದೆ. ಬಿಚ್ಚಿ ಅಂಟಿಸಿದ್ದಾದರೆ ಅಂಟಿನ ಗೆರೆ ಎರಡು ಇರಬೇಕು. ಇದ್ದದ್ದು ಒಂದೇ. ಎಡ ಅಂಚು ಮೇಲೆ, ನೇರವಾಗಿ, ಎಲ್ಲೂ ಸೊಟ್ಟಗಿಲ್ಲದೆ. "ಇದು ನಮ್ಮಕ್ಕನ ಕೈ ಕಣಪ್ಪ" ಎಂದೆ. ಆಮೇಲೆ ಪೊಟ್ಟಣ ತಿರುಗಿಸಿದೆ. ನೀಲಿ ಕಾಗದ, ಮೇಲೆ ಹೆಲ್ಮೆಟ್ ಹಾಕಿದವನ ಚಿತ್ರ. ಅಕ್ಕ ನಮ್ಮ ಮನೆಯಲ್ಲಿ ಕಟ್ಟಿದ್ದೆಲ್ಲ ಹಳದಿ ಕಾಗದ, ಟೋಪಿಯವನ ಚಿತ್ರ. ಈ ನೀಲಿ ಕಾಗದ ಬಂದದ್ದು ಅವಳು ಗಂಡನ ಮನೆಗೆ ಹೋದ ಮೇಲೆ. "ಯಾವನೇ ಇವ್ನು, ತಲೆ ಮ್ಯಾಲೆ ಚೊಂಬು ಬೋರಲಾಕವ್ನೆ" ಎಂದು ಅವ್ವ ನಕ್ಕದ್ದು ನನಗೆ ನೆನಪಿದೆ. ಅಕ್ಕನನ್ನು ಕಳಿಸಿಕೊಟ್ಟ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ಅಂದರೆ ಇವು ಕಲ್ಯಾಣದುರ್ಗದಲ್ಲಿ, ಅತ್ತೆ ಮಾವನ ಕಣ್ಣ ಮುಂದೆ ಕಟ್ಟಿದವು. ಕದ್ದು ಮಡಿಸುವುದಾದರೆ ಒಂದೋ ಎರಡೋ ಮಡಿಸಬಹುದು, ಒಂದು ಡಬ್ಬ ಮಡಿಸಲಾಗದು. ಅವಳ ಕೈಯನ್ನು ಅಲ್ಲಿ ಯಾರೂ ಕಟ್ಟಿರಲಿಲ್ಲ. ಅವಳು ಬಲಗೈಯವಳಾಗುತ್ತಿದ್ದುದು ನಮ್ಮ ಮನೆಗೆ ಬಂದಾಗ ಮಾತ್ರ.

ಕೊಳ್ಳುವವನಿಗೆ ತೋರಿಸಲು ನಾನು ಹೇಳಿದ್ದನ್ನೆಲ್ಲ ಪ್ರಸಾದ ಬರೆದುಕೊಂಡ, ಕೆಳಗೆ ನಾನು ಹೆಬ್ಬೆಟ್ಟು ಒತ್ತದೆ ಕಷ್ಟಪಟ್ಟು ಹೆಸರು ಬರೆದೆ. ದುಡ್ಡು ಕೊಡಲು ಬಂದ. "ಕಾಸು ಬ್ಯಾಡ, ಒಂದ್ ಪೊಟ್ಟಣ ಕೊಟ್ಟೋಗು" ಎಂದೆ. ಹೊಟ್ಟೆ ಉರಿದರೂ ಕೊಟ್ಟ.

ಮಹಾಲಯ ಅಮಾವಾಸ್ಯೆಗೆ ಅವ್ವನಿಗೆ ಎಡೆ ಇಟ್ಟೆ. ಎಲೆಯ ಪಕ್ಕದಲ್ಲಿ ಪೊಟ್ಟಣವನ್ನು ಬೆನ್ನು ಮೇಲಾಗಿ ಇಟ್ಟು, ಸೌಟನ್ನು ಎಡಗೈಗೆ ತೆಗೆದುಕೊಂಡೆ. ಸೊಸೆ ಕೂಗಿಕೊಂಡಳು, "ಅಯ್ಯೋ ಅತ್ತೆ, ಎಡಗೈಲಿ ಬಡಿಸಿದ್ರೆ ಹಿರೀಕ್ರು ಉಣ್ತಾರಾ?"

"ಕಲ್ಯಾಣದುರ್ಗದಾಗೆ ಉಂಡವ್ರೆ ಕಣಮ್ಮ. ನಮ್ಮವ್ವನೂ ಉಣ್ಲಿ ಬುಡು."

ನನಗೆ ಅಭ್ಯಾಸವಿಲ್ಲ. ಸಾರು ಎಲೆ ದಾಟಿ ನೆಲಕ್ಕೆ ಹರಿಯಿತು. ಬಟ್ಟೆ ಹಿಡಿದು ಬಂದ ಸೊಸೆಗೆ ಒರೆಸಬೇಡ ಎಂದೆ.