ಬೀದರ್ ನೋಡದ ಹರ್ನಾಮ್ ಸಿಂಗ್

"ಮೂಲತಃ ಎಲ್ಲಿಯವರು ನೀವು?" ಬಾಡಿಗೆಗೆ ಮನೆ ನೋಡಲು ಹೋದ ದಿನ ಮುದುಕಿಯನ್ನು ಹಿಂದಿಯಲ್ಲಿ ಕೇಳಿದೆ.

"ಇಲ್ಲಿಯವಳು."

"ಅಲ್ಲ, ಮೂಲತಃ?"

ಆಕೆ ನಾನು ಬಾಡಿಗೆಗೆ ಹಿಡಿಯಬೇಕಿದ್ದ ಕೋಣೆಯತ್ತ ಕೈ ತೋರಿಸಿ, "ಮೂಲತಃ ಅದೇ ಕೋಣೆಯವಳು. ಅಲ್ಲೇ ಹುಟ್ಟಿದ್ದು," ಎಂದರು.

ನಮ್ಮ ಕಡೆ ಪರಿಚಯವಾದ ಎರಡು ನಿಮಿಷದಲ್ಲಿ ಊರು, ತಾಲ್ಲೂಕು ತಿಳಿಯದಿದ್ದರೆ ನಮಗೆ ಅನ್ನ ಇಳಿಯುವುದಿಲ್ಲ. ಆ ಪ್ರಶ್ನೆ ಇನ್ನೊಬ್ಬರನ್ನು ಗೀರಬಹುದು ಎಂದು ನನಗೆ ಹೊಳೆದದ್ದೇ ನೈರೋಬಿಯಲ್ಲಿ. ಬೀಜಿ ಎಂದು ಎಲ್ಲರೂ ಕರೆಯುವ ಆ ಪಂಜಾಬಿ ಅಜ್ಜಿಗೆ ಬೀದಿಯಲ್ಲಿ 'ಮುಹಿಂದಿ', ಅಂದರೆ ಇಂಡಿಯಾದವಳು, ಎಂಬ ಹೆಸರು. ಇಂಡಿಯಾದಿಂದ ಬಂದ ನನ್ನಂಥವರ ಬಾಯಲ್ಲಿ 'ಮೂಲತಃ ಎಲ್ಲಿ' ಎಂಬ ಪ್ರಶ್ನೆ.

ನಾನು ಮೈಸೂರಿನಿಂದ ಬಂದು ಇಲ್ಲಿನ ಕಾಲೇಜೊಂದರಲ್ಲಿ ಸಿನಿಮಾ ಚರಿತ್ರೆ ಕಲಿಸುತ್ತೇನೆ. ಕಂಪನಿ ಕೆಲಸದ ಕನ್ನಡಿಗರು ರಿವರ್‌ಸೈಡ್ ಎಂಬ ಸಿರಿವಂತ ಬಡಾವಣೆಯ ಅಪಾರ್ಟ್‌ಮೆಂಟುಗಳಲ್ಲಿದ್ದಾರೆ. ನಾನು ನ್ಗಾರಾದ ಹಳೆಯ ಸಗಟು ಅಂಗಡಿಗಳ ನಡುವೆ ಮನೆ ಮಾಡಿದೆನೆಂದಾಗ "ನ್ಗಾರಾನಾ ಮೇಡಂ?" ಎಂದು ಮುಖ ಕಿವುಚಿದರು. ಕಿವುಚಲಿ. ಸುಕುಮಾ ಎಂಬ ಇಲ್ಲಿನ ಸೊಪ್ಪಿಗೆ ನಾನು ತೆಂಗಿನಕಾಯಿ ಹಾಕಿ ಪಲ್ಯ ಮಾಡಿಕೊಟ್ಟ ಮಧ್ಯಾಹ್ನ ಬೀಜಿ ನನಗೆ ತಮ್ಮ ಹರ್ನಾಮ್ ಮಾಮನ ಕಥೆ ಹೇಳಿದರು.

ಹರ್ನಾಮ್ ಸಿಂಗ್ ಬೀಜಿಯ ತಾಯಿಯ ಅಣ್ಣ, ಇದೇ ಮನೆಯಲ್ಲಿ ಹುಟ್ಟಿದವನು. ಅಪ್ಪ ರೈಲ್ವೆ ಬಡಗಿ. ಮೂಕಿಚಿತ್ರಗಳ ಕಾಲದಲ್ಲಿ ಸಿಂಹಗಳ ಚಿತ್ರ ತೆಗೆಯಲು ಬಂದ ಅಮೆರಿಕದವರ ಕ್ಯಾಮೆರಾ ಪೆಟ್ಟಿಗೆ ಹೊತ್ತ ಹದಿನೇಳರ ಹುಡುಗ, ಅವರ ಜೊತೆಯಲ್ಲೇ ಹಡಗು ಹತ್ತಿದ. ಹಾಲಿವುಡ್‌ನಲ್ಲಿ ಮೊದಲು ರಾಜನ ಹಿಂದೆ ಬೀಸಣಿಗೆ ಹಿಡಿದ, ಆಮೇಲೆ ಹಾವಾಡಿಗನಾದ, ಕೊನೆಗೆ ನಾಯಕನ ಗೆಳೆಯನ ಪಾತ್ರದವರೆಗೂ ಏರಿದ. ಆದರೆ ಸ್ಟುಡಿಯೋದವರು ಅವನನ್ನು 'ಪ್ರಿನ್ಸ್ ಒಮರ್' ಎಂದು ಕರೆದು, ಡಮಾಸ್ಕಸ್ಸಿನ ಅರಮನೆಯಲ್ಲಿ ಹುಟ್ಟಿದವನೆಂದು ಪತ್ರಿಕೆಗಳಲ್ಲಿ ಬರೆಸಿದರು. "ಅಮ್ಮಾ, ಹದಿನಾಲ್ಕು ಸಿನಿಮಾದಲ್ಲಿ ಸತ್ತಿದ್ದೇನೆ," ಎಂದು ಅವನು ಮನೆಗೆ ಕಾಗದ ಬರೆದನಂತೆ, "ಒಂದರಲ್ಲೂ ನನ್ನ ಹೆಸರಿನಲ್ಲಿ ಸಾಯಲಿಲ್ಲ."

ಸಿನಿಮಾಕ್ಕೆ ಮಾತು ಬಂತು; ಈ ಉಚ್ಚಾರಣೆಯ ರಾಜಕುಮಾರ ಬೇಡವೆಂದರು. ಇಪ್ಪತ್ತಾರರ ವಯಸ್ಸಿಗೆ ನ್ಯುಮೋನಿಯಾ. ಹಡಗಿನಲ್ಲಿ ಬಂದ ಬೂದಿಯ ಡಬ್ಬಿಯ ಮೇಲೂ 'ಪ್ರಿನ್ಸ್ ಒಮರ್' ಎಂಬ ಚೀಟಿ. ಅದನ್ನು ಬೀಜಿಯ ತಾಯಿ ಉಗುರಿನಿಂದ ಕೆರೆದು ತೆಗೆದರಂತೆ.

ಬೀಜಿ ಅವನ ಒಂದೇ ಒಂದು ಫೋಟೋವನ್ನು ನನ್ನ ಕೈಗಿಟ್ಟರು. "ಬೇಟಿ, ನಾನು ಸಾಯುವ ಮೊದಲು ಒಮ್ಮೆ ಅಚ್ಚಿನಲ್ಲಿ ಬರಲಿ. ಹರ್ನಾಮ್ ಸಿಂಗ್, ನೈರೋಬಿ. ಅಷ್ಟೇ ಸಾಕು." ಮಾತು ಕೊಟ್ಟೆ. ನಮ್ಮ ಕನ್ನಡ ಸಂಘದ ರಾಜ್ಯೋತ್ಸವ ಸಂಚಿಕೆಗೆ ಲೇಖನ ಬರೆದೆ.

ಸಮಾರಂಭದ ದಿನ ಸಂಚಿಕೆ ತೆರೆದರೆ, ಫೋಟೋದ ಕೆಳಗೆ: 'ಹಾಲಿವುಡ್‌ನ ಮೊದಲ ಕನ್ನಡಿಗ! ಬೀದರ್ ಮೂಲದ ಹರ್ನಾಮ್ ಸಿಂಗ್.'

ಕಾರ್ಯದರ್ಶಿ ಮಂಜುನಾಥರನ್ನು ಹಿಡಿದು ನಿಲ್ಲಿಸಿದೆ. "ಏನ್ರೀ ಇದು?"

"ಮೇಡಂ, ಕನ್ನಡ ಕನೆಕ್ಷನ್ ಇಲ್ದಿದ್ರೆ ಆರ್ಟಿಕಲ್ಲೇ ಬೇಡ ಅಂತಿತ್ತು ಕಮಿಟಿ. ನಾನೇ ಅಡ್ಜಸ್ಟ್ ಮಾಡ್ದೆ. ಬೀದರಲ್ಲಿ ಗುರುದ್ವಾರ ಇದ್ಯಲ್ಲ, ಮ್ಯಾಚ್ ಆಗುತ್ತೆ."

"ಅವರ ವಂಶದಲ್ಲೇ ಯಾರೂ ಬೀದರ್ ನೋಡಿಲ್ಲ ಕಣ್ರೀ!"

"ಯಾರ್ ಚೆಕ್ ಮಾಡ್ತಾರೆ ಬಿಡಿ. ಪಾಸಿಟಿವ್ ಆಗಿ ತಗೊಳ್ಳಿ. ಅವರಿಗೂ ಪಾಪ, ಒಂದು ಊರು ಸಿಕ್ತು."

ಸಿಕ್ಕಿತಂತೆ! ಊರಿಲ್ಲದವನಿಗೆ ಊರು ದಾನ ಮಾಡಿದ ಪುಣ್ಯಾತ್ಮರು! ವೇದಿಕೆಯಲ್ಲಿ ಬೆಂಗಳೂರಿನ ಮುಖ್ಯ ಅತಿಥಿಗಳು ಬೀದರ್‌ನ ಹೆಮ್ಮೆಯ ಪುತ್ರನನ್ನು ಹೊಗಳಿದರು. ಸಭೆ ಚಪ್ಪಾಳೆ ತಟ್ಟಿತು. ನಾನು ಎದ್ದು ನಿಂತು "ಅದು ಸುಳ್ಳು" ಎಂದು ಕೂಗಿದೆ. ಮೈಕಿನ ಅಬ್ಬರದಲ್ಲಿ ಯಾರಿಗೂ ಕೇಳಲಿಲ್ಲ. ಪಕ್ಕದಾಕೆ ಮಾತ್ರ ಸೆರಗು ಜಗ್ಗಿ, "ಕೂತ್ಕೊಳ್ರೀ, ಬಿಸಿಬೇಳೆಬಾತ್ ಬರ್ತಿದೆ," ಎಂದಳು. ಸ್ಟುಡಿಯೋದವರು ಹೊಟ್ಟೆಪಾಡಿಗೆ ಸುಳ್ಳು ಹೇಳಿದರು. ನಾವು ಅಭಿಮಾನಕ್ಕೆ ಹೇಳಿದೆವು. ಯಾವುದು ಹೆಚ್ಚು ನಾಚಿಕೆಗೇಡು ಎಂದು ನನಗೆ ಇನ್ನೂ ತಿಳಿದಿಲ್ಲ.

ಊಟ ಬಿಟ್ಟು, ಮಟಾಟು ಎನ್ನುವ ಇಲ್ಲಿನ ಖಾಸಗಿ ಬಸ್ಸು ಹಿಡಿದು ಮನೆಗೆ ಬಂದೆ. ಬೀಜಿ ಕನ್ನಡಕ ಒರೆಸಿಕೊಂಡು ಕಾಯುತ್ತಿದ್ದರು. ಅವರಿಗೆ ಕನ್ನಡ ಓದಲು ಬಾರದು. 'ನೈರೋಬಿ ಅಂತಲೇ ಇದೆ' ಎಂದುಬಿಡಬಹುದಿತ್ತು. ಹೇಳಲಾಗಲಿಲ್ಲ, ಇದ್ದದ್ದನ್ನು ಇದ್ದಂತೆ ಹಿಂದಿಯಲ್ಲಿ ಓದಿ ಹೇಳಿದೆ.

"ಪೋಲೆ," ಎಂದರು ಬೀಜಿ. ತಮ್ಮ ತಪ್ಪಿಲ್ಲದಿದ್ದರೂ ನೊಂದವರಿಗೆ ಇಲ್ಲಿನವರು ಹೇಳುವ ಸಮಾಧಾನದ ಮಾತು ಅದು. ನಾನು ಅವರಿಗೆ ಹೇಳಬೇಕಿದ್ದದ್ದನ್ನು ಅವರೇ ನನಗೆ ಹೇಳಿದರು. ಆಮೇಲೆ, "ಅದರಲ್ಲಿ ಬೀದರ್ ಯಾವುದು?" ಎಂದು ಕೇಳಿದರು. ತೋರಿಸಿದೆ. ಉಗುರಿನಿಂದ ಕೆರೆದರು. ನುಣುಪು ಕಾಗದ, ಅಕ್ಷರ ಅಲುಗಲಿಲ್ಲ. ಅವರು ಕೆರೆಯುತ್ತಲೇ ಇದ್ದರು.

ಈ ಬರಹವನ್ನು ಅಚ್ಚಿಗೆ ಕೇಳಿದ ಸಂಪಾದಕರೇ, ನನ್ನ ಹೆಸರಿನ ಕೆಳಗೆ ಹಾಕಲು ಊರು ಯಾವುದೆಂದು ಕೇಳಿದ್ದೀರಿ. ಮೈಸೂರು ಎಂದು ಬರೆದೆ, ಹೊಡೆದು ನ್ಗಾರಾ ಎಂದು ಬರೆದೆ, ಅದನ್ನೂ ಹೊಡೆದೆ. ಎರಡರಲ್ಲಿ ನಿಮಗೆ ಯಾವುದು ಹೊಂದುತ್ತದೋ ಹಾಕಿಕೊಳ್ಳಿ, ನನಗೆ ಜಗಳವಿಲ್ಲ. ಫೋಟೋದ ಕೆಳಗಿನ ಸಾಲನ್ನು ಮಾತ್ರ ಮುಟ್ಟಬೇಡಿ: ಹರ್ನಾಮ್ ಸಿಂಗ್, ನೈರೋಬಿ.