ಅಣ್ಣ ವಿಭೂತಿ ಹಚ್ಚದ ನಲವತ್ತೊಂದು ದಿನ

ನಮ್ಮಣ್ಣ ಶಿವಯೋಗಪ್ಪನಿಗೆ ಹೆಣ್ಣು ಸಿಗಲಿಲ್ಲ ಅಂತ ಯಾರಾದರೂ ಹೇಳಿದರೆ ಅವರ ಬಾಯಿಗೆ ಮಣ್ಣು ಹಾಕಬೇಕು. ನಾನೇ ಹನ್ನೊಂದು ಹೆಣ್ಣು ಹುಡುಕಿದ್ದೆ. ಒಂದನ್ನೂ ಅವನು ನೋಡಲು ಬರಲಿಲ್ಲ. ಇಪ್ಪತ್ತೆರಡನೇ ವಯಸ್ಸಿನಲ್ಲಿ ಮಠದ ಅಜ್ಜಾರ, ಅಂದರೆ ಸ್ವಾಮಿಗಳ, ಮುಂದೆ ಮಾತು ಕೊಟ್ಟಿದ್ದ, ವಿಭೂತಿ ಮಾಡುವಷ್ಟು ಕಾಲ ಬ್ರಹ್ಮಚಾರಿಯಾಗಿರುತ್ತೇನೆ ಅಂತ. ಆ ಮಠಕ್ಕೆ ವಿಭೂತಿ ಮಾಡುವವರಿಗೆ ಇರುವುದು ಅದೊಂದೇ ಷರತ್ತು. ಮದುವೆಯಾದರೆ ತಪ್ಪೇನಿಲ್ಲ, ಕೆಲಸ ಬೇರೆ ಮನೆಗೆ ಹೋಗುತ್ತದೆ, ಅಷ್ಟೆ.

ಕೆಲಸವೂ ಸಣ್ಣದಲ್ಲ. ದಾವಣಗೆರೆ ಪಕ್ಕದ ಆವರಗೆರೆಯ ನಮ್ಮ ಕಣದಲ್ಲಿ ಸಗಣಿ ಉಂಡೆ ಒಣಗಿಸಿ, ಅಕ್ಕಿ ಮಿಲ್ಲಿನಿಂದ ತಂದ ಹೊಟ್ಟಿನಲ್ಲಿ ಹೂತು ಸುಡಬೇಕು. ಬೂದಿಯನ್ನು ನೀರಿಗೆ ಕಲಸಿ ಬಟ್ಟೆಯಲ್ಲಿ ಸೋಸಬೇಕು. ತಳದಲ್ಲಿ ಕೂತದ್ದನ್ನು ಮತ್ತೆ ಸೋಸಬೇಕು, ಹೀಗೆ ಏಳು ಸಲ. ಕೊನೆಗೆ ಬೆಣ್ಣೆಯಂತಾದ ಬೂದಿಯನ್ನು ನಾದಿ ವಿಭೂತಿ ಗಟ್ಟಿ ಕಟ್ಟಬೇಕು. ಹೊಟ್ಟು ಹೊರಲು, ನೀರು ತರಲು ಯಾರಾದರೂ ಆದೀತು. ನಾದುವ ಕೈ ಮಾತ್ರ ವ್ರತದಲ್ಲಿರುವವರದಾಗಿರಬೇಕು.

ಇಷ್ಟು ಸಾಲದು ಅಂತ ಅಣ್ಣ ತನ್ನದೇ ಇನ್ನೊಂದು ನಿಯಮ ಹಾಕಿಕೊಂಡಿದ್ದ. ಮನಸ್ಸು ಜಾರಿದ ದಿನ ಬೂದಿ ನಾದುವುದಿಲ್ಲ, ಹಣೆಗೆ ವಿಭೂತಿಯನ್ನೂ ಹಚ್ಚುವುದಿಲ್ಲ. ಈ ವಿಷಯ ನನ್ನೊಬ್ಬಳಿಗೇ ಗೊತ್ತಿತ್ತು. ವರ್ಷಕ್ಕೆ ಒಂದೆರಡು ದಿನ ಅವನ ಹಣೆ ಖಾಲಿ ಇರುತ್ತಿತ್ತು, ಓಣಿಯವರು ಜ್ವರ ಬಂದಿರಬೇಕು ಅಂದುಕೊಳ್ಳುತ್ತಿದ್ದರು. ಈಚೆಗೆ ನಾಲ್ಕು ವರ್ಷದಿಂದ ಅದೂ ನಿಂತಿತ್ತು.

ನನಗೋ ಆ ವ್ರತದ ಹೆಸರೆತ್ತಿದರೆ ಮೈ ಉರಿಯುತ್ತಿತ್ತು. ಸರಸ್ವತಿ ನಗರದಲ್ಲಿ ನಮ್ಮ ಪಕ್ಕದ ಕೋಣೆಯಲ್ಲೇ ಅವನ ವಾಸ. ನಾನು ಗಂಡ, ಮಕ್ಕಳು ಅಂತ ತುಂಬಿದ ಮನೆ ನಡೆಸುವಾಗ ಅವನು ಒಬ್ಬನೇ ಚಾಪೆ ಹಾಸಿಕೊಂಡು ಮಲಗುವುದನ್ನು ನೋಡಲಾಗುತ್ತಿರಲಿಲ್ಲ. ಹೆಣ್ಣಿನ ಜೊತೆ ನಾಲ್ಕು ಮಾತು ಆಡದವನದು ಎಂಥ ಬ್ರಹ್ಮಚರ್ಯ ಅಂತ ರೇಗುತ್ತಿದ್ದೆ.

ದಾವಣಗೆರೆ ಜಿಲ್ಲೆಯಾದ ವರ್ಷ, ದೀಪಾವಳಿ ಮುಗಿದ ಮೇಲೆ, ನಾನೊಂದು ಉಪಾಯ ಮಾಡಿದೆ. ಕೊಕ್ಕನೂರಿನ ಹಾಲಮ್ಮ ಅಂತ, ನಮ್ಮವರೇ. ಗಂಡ ಸತ್ತು ಆರು ವರ್ಷ, ಮಕ್ಕಳಿಲ್ಲ, ಆವರಗೆರೆಯಲ್ಲಿ ತಮ್ಮನ ಮನೆ ಸೇರಿದ್ದಳು. ಮೂವತ್ತೆರಡು ವಯಸ್ಸು, ನಕ್ಕರೆ ಕಣ್ಣೂ ನಗುತ್ತಿತ್ತು. ಗಂಡ ಸತ್ತವರಿಗೆ ಉಡಿಕೆ ಮಾಡಿ ಮತ್ತೆ ಮನೆ ತುಂಬಿಸಿಕೊಳ್ಳುವ ಪದ್ಧತಿ ನಮ್ಮಲ್ಲಿ ಇದ್ದೇ ಇದೆ. ನೀರು ಸೇದಲು, ಬೂದಿ ಸೋಸಲು ಆಳು ಬೇಕು ಅಂತ ನೆಪ ಮಾಡಿ ಅವಳನ್ನು ಕಣಕ್ಕೆ ತಂದು ಬಿಟ್ಟೆ. ಒಳಗಿನ ಮಾತು ಇಬ್ಬರಿಗೂ ಹೇಳಲಿಲ್ಲ.

ಸಂಕ್ರಾಂತಿಯ ಮಾರನೇ ದಿನ ಅಣ್ಣ ಖಾಲಿ ಹಣೆಯಲ್ಲಿ ಊಟಕ್ಕೆ ಬಂದ. ಅಯ್ಯೋ ನನ್ನ ಖುಷಿಯೇ! ಅವತ್ತು ಹೋಳಿಗೆಗೆ ಎರಡು ಚಮಚ ತುಪ್ಪ ಜಾಸ್ತಿ ಬಡಿಸಿದೆ. ಮರುದಿನವೂ ಖಾಲಿ, ಅದರ ಮರುದಿನವೂ ಖಾಲಿ. ನಾನು ದಿನ ಎಣಿಸುತ್ತಾ ಹೋದೆ. ಅವನು ನಾದುವುದನ್ನು ಬಿಟ್ಟು ಕಣದ ಆ ತುದಿಯಲ್ಲಿ ಉಂಡೆ ತಿರುವಿ ಹಾಕುತ್ತಾ ಕೂತಿರುತ್ತಿದ್ದ. ಸೋಸಿದ ಬೂದಿ ತಪ್ಪಲೆಯಲ್ಲಿ ಹಾಗೇ ಬಿದ್ದಿತ್ತು. ಶಿವರಾತ್ರಿಗೆ ಮಠಕ್ಕೆ ಐನೂರು ಗಟ್ಟಿ ಹೋಗಬೇಕಿತ್ತು. ಹೋಗದಿದ್ದರೆ ಹತ್ತೊಂಬತ್ತು ವರ್ಷದ ಕೆಲಸ ಕೈತಪ್ಪುತ್ತಿತ್ತು. ತಪ್ಪಲಿ ಅಂತಲೇ ನಾನು ಕಾದಿದ್ದೆ.

ಹದಿನಾಲ್ಕನೇ ದಿನ ಅಮಾವಾಸ್ಯೆ. ಹಾಲಮ್ಮ ಹೊಳೆ ಸ್ನಾನಕ್ಕೆ ಹರಿಹರಕ್ಕೆ ಹೋಗಿದ್ದಳು. ನಾನೂ ಬಸ್ಸು ಹತ್ತಿದೆ. ಮಿಂದು, ಮೆಟ್ಟಿಲ ಮೇಲೆ ಸೀರೆ ಹಿಂಡುತ್ತಿದ್ದವಳನ್ನು ಹಿಡಿದು ಕೂರಿಸಿ ನೇರವಾಗಿ ಕೇಳಿದೆ.

"ಹಾಲಮ್ಮ, ನಮ್ಮಣ್ಣಗೆ ನಿನ್ ಮ್ಯಾಲೆ ಮನಸ್ಸಾಗೈತೆ. ಉಡಿಕೆ ಮಾಡ್ಕೊಂತೀಯಾ?"

ಅವಳು ಬೆಚ್ಚಲಿಲ್ಲ. "ಗೊತ್ತೈತೆ ಅಕ್ಕಾರ. ಅಣ್ಣಾರೇ ಹೇಳ್ಯಾರ."

"ಏನಂದ?"

"ಹಣೆ ಯಾಕ ಖಾಲಿ ಐತ್ರಿ ಅಂತ ನಾನೇ ಕೇಳಿದ್ದೆ. ನಿನ್ನ ಕಂಡು ನನಗ ಆಸೆ ಹುಟ್ಟೈತೆ, ತಪ್ಪು ನಂದು, ನೀನೇನೂ ಮಾಡಿಲ್ಲ, ಹೆದರಿ ಕೆಲ್ಸ ಬಿಡಬ್ಯಾಡ, ನಾನು ದೂರ ಕೂಡ್ರತೀನಿ ಅಂದ್ರು."

ಹಾಲಮ್ಮ ಸೀರೆ ಕೊಡವಿದಳು.

"ಆರು ವರ್ಷದಾಗ ಎಷ್ಟೋ ಗಂಡಸ್ರು ಕಣ್ಣು ಹಾಕ್ಯಾರ್ರಿ. ಎಲ್ರೂ ನನಗ ಹೆಸರಿಟ್ರು, ಅವಳು ನಗತಾಳ, ಅವಳ ಸೆರಗು ನೆಟ್ಟಗಿಲ್ಲ ಅಂತ. ತಮ್ಮ ತಪ್ಪು ತಾವ ಹೊತ್ಕೊಂಡೋರು ಇವರೊಬ್ಬರೇ. ಅಂಥೋರ ವ್ರತ ನನ್ನಿಂದ ಮುರಿಬಾರದು. ಮತ್ತ ನನಗೂ ಇನ್ನೊಂದು ಸಂಸಾರ ಬ್ಯಾಡಾಗೈತೆ. ನನ್ನ ಯಾರು ಕೇಳಿದ್ರಿ ಅಕ್ಕಾರ?"

ನಿಜ, ನಾನು ಕೇಳಿರಲಿಲ್ಲ. ಮೂರು ತಿಂಗಳಲ್ಲಿ ಒಂದು ದಿನವೂ ಕೇಳಿರಲಿಲ್ಲ. ನಾಚಿಕೆಯಾಯಿತು. ಬಸ್ಸಿನಲ್ಲಿ ದಾವಣಗೆರೆ ಮುಟ್ಟುವವರೆಗೂ ಅಳುತ್ತಾ ಬಂದೆ.

ಬಸ್ಸಿಳಿದವಳೇ ನೇರ ಕಣಕ್ಕೆ ಹೋಗಿ ಅಣ್ಣನ ಮುಂದೆ ಕೂತು ಎಲ್ಲವನ್ನೂ ಒಪ್ಪಿಕೊಂಡೆ. ಅವನು ಉಂಡೆ ತಿರುವುವುದನ್ನು ನಿಲ್ಲಿಸಲಿಲ್ಲ.

"ಅವಳನ್ನ ಕರ್ಕೊಂಡು ಬಂದ ದಿನಾನೇ ಗೊತ್ತಾತು."

"ಮತ್ತ ಯಾಕ ವಾಪಸ್ ಕಳಿಸ್ಲಿಲ್ಲ?"

"ನಾಲ್ಕು ವರ್ಷ ಹಣೆ ಖಾಲಿ ಇರಲಿಲ್ಲ ನೋಡು, ನಾನು ಗೆದ್ದೀನಿ ಅಂತ ಸೊಕ್ಕು ಬಂದಿತ್ತು. ಯಾರು ಬಂದ್ರೂ ನನಗೇನಾಗತೈತೆ ಅಂದ್ಕೊಂಡೆ. ಹೊಲದ ಕಡೆ ದನ ಬರದೇ ಇದ್ರೆ ಬೇಲಿ ಗಟ್ಟಿ ಐತೆ ಅಂತ ಹೆಂಗೆ ಹೇಳ್ತೀ ಕಸ್ತೂರಿ?"

ಮಾರನೇ ದಿನ ಮಠಕ್ಕೆ ಹೋಗಿ ಅಜ್ಜಾರ ಮುಂದೆ ಇದ್ದದ್ದು ಇದ್ದಂತೆ ಹೇಳಿದ. ಮಾತು ಮುರಿದಿಲ್ಲ, ಆದರೆ ಈಗ ನಾದುವ ಕೈ ನನ್ನದಲ್ಲ, ಬೇರೆಯವರಿಗೆ ಕೊಡಿ ಅಂದ. ಅಜ್ಜಾರು ಬೇರೆ ಯಾರಿದ್ದಾರೆ ಅಂತ ಕೇಳಿದರು. ಹಾಲಮ್ಮನ ಹೆಸರು ಹೇಳಿದ. ಅಜ್ಜಾರು ಅವಳನ್ನು ಕರೆಸಿ, ನಿನಗೆ ಮನಸ್ಸಿದೆಯೇನಮ್ಮ ಅಂತ ಅವಳನ್ನೇ ಕೇಳಿದರು.

"ಯಾರೂ ಕೇಳದೇ ಆರು ವರ್ಷ ಈ ವ್ರತ ನಡಸೀನ್ರಿ ಬುದ್ಧಿ. ಕೇಳಿದ ಮ್ಯಾಲೆ ನಡಸೋದೇನು ಕಷ್ಟ?" ಅಂದಳಂತೆ.

ಶಿವರಾತ್ರಿಗೆ ಐನೂರು ಗಟ್ಟಿಯೂ ಹಾಲಮ್ಮನ ಕೈಯಿಂದಲೇ ಆದವು. ಅಣ್ಣ ದೂರದಲ್ಲಿ ನಿಂತು, ನೀರು ಎಷ್ಟು, ಎಷ್ಟೊತ್ತು ನಾದಬೇಕು ಅಂತ ಹೇಳಿಕೊಟ್ಟ. ಹಬ್ಬದ ಬೆಳಿಗ್ಗೆ ಅವಳು ಮಾಡಿದ ಮೊದಲ ಗಟ್ಟಿಯನ್ನು ಬಟ್ಟಲ ನೀರಲ್ಲಿ ತೇದು ಮೂರು ಬೆರಳಿಂದ ಹಣೆಗೆ ಎಳೆದುಕೊಂಡ. ನಲವತ್ತೊಂದು ದಿನ ಆಗಿತ್ತು.

"ಆಸೆ ಹೋತೇನಣ್ಣ?" ಅಂದೆ.

"ಇಲ್ಲ, ಐತೆ. ಅದು ಕರೆದಲ್ಲಿಗೆ ನಾನು ಹೋಗಲ್ಲ, ಅಷ್ಟೇ." ಆಮೇಲೆ ಬಟ್ಟಲನ್ನು ನನ್ನ ಕಡೆ ಸರಿಸಿ ಹಣೆ ನೋಡಿದ. ಕುಂಕುಮವೊಂದೇ ಇತ್ತು. "ಹಬ್ಬದ ದಿನ ನೀನ್ಯಾಕ ವಿಭೂತಿ ಹಚ್ಚಿಲ್ಲ?"

"ನನ್ನ ಮನಸ್ಸೂ ಜಾರಿತ್ತಲ್ಲಣ್ಣ. ಇನ್ನೊಂದಿಷ್ಟು ದಿನ ಹಿಂಗೇ ಇರ್ಲಿ," ಅಂದು ಬಟ್ಟಲನ್ನು ಅವನ ಕಡೆಗೇ ಸರಿಸಿದೆ.